ಥರ್ಟಿ ಫಾರ್ಟಿ ಸೈಟಿನಲ್ಲಿ ಮ್ಯಾಕ್ 2

ಬೆಂಗಳೂರಿನ ಸುರಂಜನ್‌ದಾಸ್ ರಸ್ತೆಯಲ್ಲಿ ನಿಂತಿದ್ದೇನೆ. ಕಾಲ ಮೇಲೆ ನಿಂತಿದ್ದೇನೆ ಅಂದುಕೊಳ್ಳಬೇಡಿ, ಕಾರಿನಲ್ಲಿ ಕೂತುಕೊಂಡು ನಿಂತಿದ್ದೇನೆ. ಈ ಭಂಗಿಯನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಡಕ್ಕೆ ಬಿಎಂಟಿಸಿ ಬಸ್ಸು, ಬಲಕ್ಕೆ ಡಿವೈಡರು, ಮೂಗಿಗೆ ತಾಗುವಂತೆ ಮುಂದೊಂದು ನೀರಿನ ಟ್ಯಾಂಕರು. ಟ್ಯಾಂಕರಿನ ಬೆನ್ನ ಮೇಲೆ ನೀಲಿ ಬಣ್ಣದಲ್ಲಿ ದಪ್ಪಗೆ ‘ಕಾವೇರಿ’ ಅಂತ ಬರೆದಿದೆ. ಒಳಗಿರುವುದು ಬೋರ್‌ವೆಲ್ ನೀರು ಅನ್ನುವುದು ಬರೆಸಿದವನಿಗೂ ಗೊತ್ತು, ಓದುವವರಿಗೂ ಗೊತ್ತು. ವಾಲ್ವಿನಿಂದ ತೊಟ್ಟು ತೊಟ್ಟಾಗಿ ಸೋರುತ್ತಿದೆ. ಹತ್ತು ನಿಮಿಷದಲ್ಲಿ ಅರವತ್ತು ಅಡಿ ಸಾಗಿದ್ದೇವೆ. ಗಂಟೆಗೆ ಎಷ್ಟಾಯಿತು ಅಂತ ಲೆಕ್ಕ ಹಾಕುವಷ್ಟು ಪುರುಸೊತ್ತೂ ಇದೆ: ಸುಮಾರು 110 ಮೀಟರ್.

ರಸ್ತೆಗೆ ಇಟ್ಟಿರುವ ಹೆಸರು ಮಾತ್ರ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರದು. 1961ರ ಜೂನ್ 17ರಂದು ಇಲ್ಲೇ ಪಕ್ಕದ ಎಚ್‌ಎಎಲ್ ರನ್‌ವೇಯಿಂದ ಎಚ್‌ಎಫ್-24 ಮಾರುತ್ ಎಂಬ ಯುದ್ಧವಿಮಾನವನ್ನು ಮೊಟ್ಟಮೊದಲು ಮೇಲಕ್ಕೆತ್ತಿದವರು. ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಫೈಟರ್ ಅದು. ಅದಕ್ಕೆ ಕಾಗದದ ಮೇಲೆ ಗೊತ್ತುಮಾಡಿದ್ದ ವೇಗ ಶಬ್ದದ ಎರಡರಷ್ಟು, ಅಂದರೆ ಮ್ಯಾಕ್ 2. ಗಾಳಿಯಲ್ಲಿ ಅದಕ್ಕೆ ದಕ್ಕಿದ್ದು ಸುಮಾರಾಗಿ ಅದರ ಅರ್ಧ. ಉಳಿದರ್ಧ ಎಲ್ಲಿ ಹೋಯಿತು ಅನ್ನುವುದು ನನಗೆ ತಲೆಗೆ ಹತ್ತಿದ್ದು ಯಾವ ಪುಸ್ತಕದಿಂದಲೂ ಅಲ್ಲ, ನಾನು ಥರ್ಟಿ ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿಸಿದಾಗ.

ಮೂವತ್ತಡಿ ಅಗಲ, ನಲವತ್ತಡಿ ಉದ್ದ. ಊರಾಚೆಯ ಲೇಔಟು. ಎಲ್ಲರೂ ಕೂತು ಪಟ್ಟಿ ಮಾಡಿದೆವು. ಈಶಾನ್ಯಕ್ಕೆ ದೇವರಮನೆ, ಆಗ್ನೇಯಕ್ಕೆ ಅಡುಗೆಮನೆ ಅಂದರು ಅಪ್ಪ. ತುಳಸಿಕಟ್ಟೆಗೆ ಒಂದು ಅಂಗಳ ಬೇಡವೇನೋ ಅಂದಳು ಅಮ್ಮ. ಎರಡು ಕಾರು ನಿಲ್ಲಬೇಕು ಅಂದಳು ಹೆಂಡತಿ, ಇದ್ದದ್ದು ಒಂದು. ಮಂಡಿನೋವಿನ ಅತ್ತೆಗೆ ಕೆಳಗೇ ಒಂದು ರೂಮು, ಅದಕ್ಕೊಂದು ಅಟ್ಯಾಚ್ಡ್ ಬಾತ್‌ರೂಮು. ಮಗನಿಗೆ ಜಿಮ್ಮು. ಸಾಲದ ಕಂತಿನ ಯೋಚನೆಯಲ್ಲಿದ್ದ ನನಗೆ ಮೇಲೊಂದು ಬಾಡಿಗೆ ಪೋರ್ಷನ್ನು, ಅದಕ್ಕೆ ಹೊರಗಿನಿಂದ ಮೆಟ್ಟಿಲು. ಮೇಸ್ತ್ರಿ ಎಲ್ಲವನ್ನೂ ಬೀಡಿ ಕಟ್ಟಿನ ಹಿಂಬದಿಯಲ್ಲಿ ಬರೆದುಕೊಂಡ. ಎಣಿಸಿದ.

“ಒಟ್ಟು ಹದಿನಾಲ್ಕು ನಲ್ಲಿ ಬತ್ತವೆ ಸಾರ್. ನೀರೆಲ್ಲಿಂದ?”

“ಕಾವೇರಿ ಬರುತ್ತಂತಪ್ಪ.”

“ನಲ್ಲಿ ಎಷ್ಟು ಬೇಕಾದ್ರೂ ಹಾಕ್ಕೊಡ್ತೀನಿ ಸಾರ್,” ಅಂದ ಆ ಮನುಷ್ಯ, “ನೀರು ನಿಮ್ದು.”

ಯುದ್ಧವಿಮಾನದ ವಿನ್ಯಾಸಶಾಸ್ತ್ರವನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ನಮ್ಮ ಮನೆಯ ಪಟ್ಟಿಗೆ ಹೆಸರಿರಲಿಲ್ಲ. ವಾಯುಪಡೆಯ ಪಟ್ಟಿಗೆ ಇದೆ: ಏರ್ ಸ್ಟಾಫ್ ರಿಕ್ವೈರ್‌ಮೆಂಟ್, ಬಾಯಿಮಾತಿನಲ್ಲಿ ಎಎಸ್‌ಆರ್. ಐವತ್ತರ ದಶಕದ ನಡುವಿನಲ್ಲಿ ನಮ್ಮವರು ಹೊರಡಿಸಿದ ಎಎಸ್‌ಆರ್ ಕೇಳಿದ್ದೇನು ನೋಡಿ. ಮ್ಯಾಕ್ 2 ವೇಗ. 60,000 ಅಡಿ ಎತ್ತರ. 500 ಮೈಲಿ ದೂರ ಹೋಗಿ ಹೊಡೆದು ವಾಪಸು ಬರುವ ತಾಕತ್ತು. ಎತ್ತರದಲ್ಲಿ ಶತ್ರು ವಿಮಾನವನ್ನು ಅಡ್ಡಗಟ್ಟಬೇಕು, ತಗ್ಗಿನಲ್ಲಿ ನೆಲದ ಮೇಲಿನ ಟ್ಯಾಂಕಿಗೆ ಬಡಿಯಬೇಕು. ಅದೇ ವಿಮಾನ ಮುಂದೆ ಎರಡು ಸೀಟಿನ ತರಬೇತಿ ವಿಮಾನವೂ ಆಗಬೇಕು, ಮಳೆ ಮೋಡಕ್ಕೆ ಹೆದರದ ಫೈಟರೂ ಆಗಬೇಕು, ಬೇಕಾದರೆ ಹಡಗಿನ ಮೇಲೂ ಇಳಿಯಬೇಕು. ಆಗ ಬೆಂಗಳೂರಿನ ಕಾರ್ಖಾನೆ ಸ್ವಂತವಾಗಿ ವಿನ್ಯಾಸ ಮಾಡಿ ಹಾರಿಸಿದ್ದದ್ದು ಎಚ್‌ಟಿ-2 ಎಂಬ ಪುಟ್ಟ ಪ್ರೊಪೆಲರ್ ತರಬೇತಿ ವಿಮಾನದಂಥದ್ದನ್ನು. ನಿನ್ನೆ ಮೊನ್ನೆ ಸೈಕಲ್ ಕಲಿತ ಹುಡುಗನಿಗೆ, ಬರುವಾಗ ಹಾಗೇ ಒಂದು ರೈಲು ಓಡಿಸಿಕೊಂಡು ಬಾ ಅಂದ ಹಾಗೆ.

ಕೇಳಿದ್ದನ್ನು ಮಾಡಿಕೊಡಲು 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದಿಳಿದರು. ಎರಡನೇ ಮಹಾಯುದ್ಧದ ಫೋಕ-ವುಲ್ಫ್ 190 ಎಂಬ ಭಯಂಕರ ವಿಮಾನದ ಜನಕ. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲೊಂದು ಜೆಟ್ ಮಾಡಿದ್ದರು. ಇಲ್ಲಿ ವಿ.ಎಂ. ಘಾಟಗೆ ಮತ್ತವರ ಬಳಗದ ಜೊತೆ ಸೇರಿಕೊಂಡರು. ಮೊದಲು ಮರದಲ್ಲಿ, ನಿಜ ವಿಮಾನದಷ್ಟೇ ದೊಡ್ಡ ಗ್ಲೈಡರ್ ಒಂದನ್ನು ಮಾಡಿದರು. ಇಂಜಿನ್ ಇಲ್ಲ. ಡಕೋಟ ವಿಮಾನದ ಬಾಲಕ್ಕೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಮೇಲೆ ಬಿಟ್ಟುಬಿಡುವುದು, ಅದು ತೇಲಿಕೊಂಡು ಇಳಿಯುವುದು. ಹೀಗೆ 70ಕ್ಕೂ ಹೆಚ್ಚು ಸಲ. ಆ ಗ್ಲೈಡರಿಗೆ ನಮ್ಮ ವಿಮಾನಗಳ ಮುಂದಿನ ಎಪ್ಪತ್ತು ವರ್ಷದ ಜಾತಕ ಗೊತ್ತಿತ್ತೋ ಏನೋ. ರೆಕ್ಕೆ ಇದೆ, ಬಾಲ ಇದೆ, ಪೈಲಟ್ ಇದ್ದಾನೆ, ಇಂಜಿನ್ ಕೇಳಬಾರದು.

ಈಗ ಶಬ್ದದ ವಿಷಯಕ್ಕೆ ಬರೋಣ, ಟ್ಯಾಂಕರ್ ಹೇಗೂ ಅಲ್ಲಾಡುತ್ತಿಲ್ಲ. ಸಮುದ್ರಮಟ್ಟದಲ್ಲಿ ಶಬ್ದ ಗಂಟೆಗೆ ಸುಮಾರು 1,225 ಕಿಲೋಮೀಟರ್ ಓಡುತ್ತದೆ, ಹನ್ನೊಂದು ಕಿಲೋಮೀಟರ್ ಎತ್ತರದ ಚಳಿಯಲ್ಲಿ 1,060ಕ್ಕೆ ಇಳಿಯುತ್ತದೆ. ಅದಕ್ಕಿಂತ ನಿಧಾನವಾಗಿ ಬರುವ ವಿಮಾನ ಫೋನ್ ಮಾಡಿ ಬರುವ ನೆಂಟನ ಹಾಗೆ. ಅದು ಎಬ್ಬಿಸುವ ಒತ್ತಡದ ಅಲೆಗಳು ಮುಂದೋಡಿ ಸುದ್ದಿ ಮುಟ್ಟಿಸುತ್ತವೆ, ಗಾಳಿ ಸರಿದು ಜಾಗ ಮಾಡಿಕೊಡುತ್ತದೆ, ಹಾಸಿಗೆ ಹಾಸಿರುತ್ತದೆ. ಶಬ್ದವನ್ನೇ ಹಿಂದೆ ಹಾಕುವ ವಿಮಾನ ಮಾತ್ರ ಹೇಳದೆ ಕೇಳದೆ ರಾತ್ರಿ ಹನ್ನೊಂದಕ್ಕೆ ಕುಟುಂಬಸಮೇತ ಬಾಗಿಲು ಬಡಿಯುವ ನೆಂಟ. ಮನೆಯೊಳಗೆ ಆಗುವ ಆ ದಿಗಿಲಿಗೇ ಆಘಾತ ಅಲೆ ಅಂತ ಹೆಸರು. ಆ ದಿಗಿಲಿನ ಖರ್ಚನ್ನು ವಿಮಾನವೇ ತೆರಬೇಕು. ಎಳೆತ ಒಮ್ಮೆಗೇ ಮೇಲಕ್ಕೆ ಜಿಗಿಯುತ್ತದೆ. ಅದನ್ನು ದಾಟಬೇಕಾದರೆ ಮೈ ತೆಳ್ಳಗಿರಬೇಕು, ರೆಕ್ಕೆ ಹಿಂದಕ್ಕೆ ಬಾಗಿರಬೇಕು, ಎಲ್ಲಕ್ಕಿಂತ ಮೊದಲು ಇಂಜಿನ್ನಿನಲ್ಲಿ ಕಸುವಿರಬೇಕು.

ಮೈಕಟ್ಟಿನ ಪಾಠವನ್ನು ಅಮೆರಿಕದವರು ಪೂರಾ ಫೀಸು ಕಟ್ಟಿಯೇ ಕಲಿತರು. 1953ರಲ್ಲಿ ಹಾರಿದ ಅವರ ಎಫ್-102ಕ್ಕೆ ಶಬ್ದದ ಗೋಡೆ ದಾಟುವುದೇ ಕೆಲಸ. ನೆಟ್ಟಗೆ ಹಾರಿಸಿದರೆ ಅದು ದಾಟಲೇ ಇಲ್ಲ. ರಿಚರ್ಡ್ ವಿಟ್‌ಕಂಬ್ ಎಂಬ ಇಂಜಿನಿಯರ್ ಆಗಷ್ಟೇ ಒಂದು ಮಾತು ಹೇಳಿದ್ದ: ವಿಮಾನವನ್ನು ಮೂಗಿನಿಂದ ಬಾಲದವರೆಗೆ ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ಚುತ್ತಾ ಹೋಗಿ. ಒಂದೊಂದು ಬಿಲ್ಲೆಯ ವಿಸ್ತೀರ್ಣವೂ ಮೆಲ್ಲಗೆ ಹಿಗ್ಗಿ ಮೆಲ್ಲಗೆ ಕುಗ್ಗಬೇಕು. ರೆಕ್ಕೆ ಶುರುವಾಗುವ ಕಡೆ ಒಮ್ಮೆಗೇ ದಪ್ಪವಾಗುತ್ತದಲ್ಲ, ಅಲ್ಲಿ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಿ. ಎಳೆದುಕೊಂಡರು. ಕೋಲಾ ಬಾಟಲಿಯ ನಡು ಬಂತು. ತಿದ್ದಿದ ವಿಮಾನ 1954ರ ಡಿಸೆಂಬರ್‌ನಲ್ಲಿ ಮ್ಯಾಕ್ 1 ದಾಟಿತು. ಹೊಟ್ಟೆ ಒಳಗೆಳೆದುಕೊಂಡು ಫೋಟೊಗೆ ನಿಲ್ಲುವ ನನ್ನ ವಯಸ್ಸಿನವರಿಗೆ ವಿಟ್‌ಕಂಬ್ ಹೊಸದೇನನ್ನೂ ಹೇಳಲಿಲ್ಲ, ಒಪ್ಪುತ್ತೇನೆ. ಆದರೆ ಅವನು ಗಣಿತದಲ್ಲಿ ಹೇಳಿದ.

ಟ್ಯಾಂಕ್ ಸಾಹೇಬರ ಮಾರುತ್‌ಗೆ ಮೈಕಟ್ಟಿನ ಕೊರತೆ ಇರಲಿಲ್ಲ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದಿದೆ, ಹೋಗಿ ನೋಡಿ. ಚೂಪು ಮೂಗು, ಹಿಂದಕ್ಕೆ ಬಾಚಿದ ರೆಕ್ಕೆ. ನಿಂತಲ್ಲೇ ಶಬ್ದವನ್ನು ದಾಟಿಹೋದಂತೆ ಕಾಣುತ್ತದೆ, ನಿಂತಲ್ಲಿ ಮಾತ್ರ. ಅದಕ್ಕೆಂದು ನೆಚ್ಚಿಕೊಂಡಿದ್ದದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಬ, ಆಫ್ಟರ್‌ಬರ್ನರ್ ಇರುವ ಇಂಜಿನ್. ಸುಮಾರು 3,700 ಕಿಲೋ ನೂಕುಬಲದ್ದು. ಆ ಇಂಜಿನ್ ಇನ್ನೂ ಪೂರ್ತಿಯಾಗಿ ಹುಟ್ಟಿರಲಿಲ್ಲ. ಅತ್ತ ಯೂರೋಪಿನ ಗಿರಾಕಿಗಳು ಕೈಬಿಟ್ಟಾಗ ಬ್ರಿಟಿಷರು, ನಿಮಗೆ ಬೇಕಿದ್ದರೆ ಬೆಳೆಸುವ ಖರ್ಚಿಗೆ ನೀವು ದುಡ್ಡು ಹಾಕಿ ಅಂದರು. ದೆಹಲಿ ಹಾಕಲಿಲ್ಲ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಮ್ಯಾಕ್ 2 ಬೇಕು ಅಂತ ಬರೆಯಲು ತಗಲುವ ಖರ್ಚು ಒಂದು ಹಾಳೆ, ಒಂದಿಷ್ಟು ಶಾಯಿ. ಬರೆದ ಫೈಲು ಒಂದು ಮೇಜಿನ ಮೇಲೆ. ಇಂಜಿನ್ನಿನ ಬಿಲ್ಲು ಬಂದದ್ದು ಇನ್ನೊಂದು ಮೇಜಿಗೆ. ಆ ಎರಡು ಮೇಜಿನ ನಡುವಿನ ದೂರವನ್ನು ಅಳೆದವರಿಲ್ಲ, 500 ಮೈಲಿಗಿಂತ ಹೆಚ್ಚಿರಬೇಕು ಅಂತ ನನ್ನ ಗುಮಾನಿ. ನಡೆದ ಮಾತುಕತೆಯನ್ನು ನಾನು ಊಹಿಸಿಕೊಳ್ಳಬಲ್ಲೆ. “ವಿಮಾನ ಮಂಜೂರಾಗಿದೆಯಲ್ಲ?” “ಹೌದು ಸಾರ್.” “ಮತ್ತೆ ಇಂಜಿನ್ನಿಗೆ ಬೇರೆ ಯಾಕೆ ಕೇಳ್ತಾ ಇದ್ದೀರಿ?”

ಕೊನೆಗೆ ಮಾರುತ್‌ನ ಎರಡು ಹೊಟ್ಟೆಗೆ ಹೋದದ್ದು ಆರ್ಫಿಯಸ್ 703. ನ್ಯಾಟ್ ಎಂಬ ಗುಬ್ಬಚ್ಚಿಯಂಥ ವಿಮಾನಕ್ಕಾಗಿ ಬೆಂಗಳೂರಿನಲ್ಲೇ ಪರವಾನಗಿ ಮೇಲೆ ತಯಾರಾಗುತ್ತಿದ್ದ ಇಂಜಿನ್ನಿನ ಅಣ್ಣತಮ್ಮ. ಒಂದೊಂದರ ನೂಕುಬಲ ಸುಮಾರು 2,200 ಕಿಲೋ, ಆಫ್ಟರ್‌ಬರ್ನರ್ ಇಲ್ಲ. ಮದುವೆಗೆ ತಂದ ರೇಷ್ಮೆ ಪಂಚೆಯ ಮೇಲೆ ಅಂಗಡಿಯಲ್ಲಿ ಸಿಕ್ಕ ಬನಿಯನ್ನು. ಸಮುದ್ರಮಟ್ಟದಲ್ಲಿ ಗಂಟೆಗೆ 1,100 ಕಿಲೋಮೀಟರ್ ಚಿಲ್ಲರೆ. ಮೇಲೆ ಹೋದರೂ ನೆಟ್ಟಗಿನ ಹಾರಾಟದಲ್ಲಿ ಶಬ್ದದ ಹೊಸ್ತಿಲಿಗೆ ಕಾಲಿಟ್ಟು ಅಲ್ಲೇ ನಿಲ್ಲುವುದು.

ಇಂಜಿನ್ ಹುಡುಕಾಟ ಶುರುವಾಯಿತು. ಸೋವಿಯತ್ ಇಂಜಿನ್ ತರಿಸಿ ನೋಡಿದರು, ಹೊಂದಲಿಲ್ಲ. ಅತ್ತ ಈಜಿಪ್ಟ್‌ನವರೂ ಎಚ್‌ಎ-300 ಅಂತ ತಮ್ಮದೇ ಒಂದು ಶಬ್ದಾತೀತ ವಿಮಾನ ಕಟ್ಟಿಸುತ್ತಿದ್ದರು. ವಿಮಾನ ಜರ್ಮನಿಯ ಮೆಸರ್‌ಶ್ಮಿಟ್ ಅವರದು, ಇಂಜಿನ್ ಆಸ್ಟ್ರಿಯಾದ ಬ್ರಾಂಡ್ನರ್ ಅವರದು. ಅವರಿಗೆ ಇಂಜಿನ್ ಹಾರಿಸಿ ನೋಡಲು ವಿಮಾನ ಬೇಕಿತ್ತು, ನಮಗೆ ವಿಮಾನಕ್ಕೆ ಇಂಜಿನ್ ಬೇಕಿತ್ತು. ಎಲೆಯಿದ್ದವರಿಗೆ ಅಡಿಕೆಯಿಲ್ಲ, ಅಡಿಕೆಯಿದ್ದವರಿಗೆ ಎಲೆಯಿಲ್ಲ. ಒಂದು ಮಾರುತ್‌ಅನ್ನು ನೈಲ್ ನದಿಯ ದಂಡೆಗೆ ಕಳಿಸಿ, ಒಂದು ಕಡೆಗೆ ಆರ್ಫಿಯಸ್, ಇನ್ನೊಂದು ಕಡೆಗೆ ಈಜಿಪ್ಟಿನ ಇಂಜಿನ್ ಕೂರಿಸಿ 1967ರಲ್ಲಿ ಹಾರಿಸಿದರು. ಆ ವರ್ಷ ಜೂನ್‌ನಲ್ಲಿ ಈಜಿಪ್ಟಿನ ಮೇಲೆ ಯುದ್ಧ ಬಂತು. 1969ಕ್ಕೆ ಅವರ ಯೋಜನೆಗೇ ಬಾಗಿಲು ಬಿತ್ತು. ಅಡಿಕೆಯೂ ಹೋಯಿತು.

ಇನ್ನು ಉಳಿದದ್ದು ಇರುವ ಇಂಜಿನ್ನಿನ ಬಾಲಕ್ಕೇ ಆಫ್ಟರ್‌ಬರ್ನರ್ ಕಟ್ಟುವುದು. ಉರಿದು ಹೊರಬೀಳುವ ಬಿಸಿಗಾಳಿಗೆ ಇನ್ನೊಮ್ಮೆ ಎಣ್ಣೆ ಚಿಮುಕಿಸಿ ಬೆಂಕಿ ಹಚ್ಚುವ ಉಪಾಯ ಅದು. ಕಸುವು ಬರುತ್ತದೆ, ಟ್ಯಾಂಕ್ ಬರಿದಾಗುತ್ತದೆ. ಅಂಥ ಮಾರುತ್ ಒಂದನ್ನು ಪರೀಕ್ಷೆಗೆ ಮೇಲೆತ್ತುವಾಗ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ವಿಮಾನ ಕೆಳಗೆ ಬಿತ್ತು. ಒಳಗಿದ್ದವರು ಸುರಂಜನ್ ದಾಸ್. ಈ ರಸ್ತೆಗೆ ಅವರ ಹೆಸರು ಬಂದದ್ದು ಹಾಗೆ. ಪಟ್ಟಿ ಬರೆದವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ರಸ್ತೆ ಇದೆಯೋ ಅಂತ ಹುಡುಕಿದೆ. ಅವರ ಹೆಸರೇ ಗೊತ್ತಾಗಲಿಲ್ಲ. ಕಮಿಟಿಗೆ ಎಲ್ಲಿ ಹೆಸರಿರುತ್ತದೆ.

ಇನ್ನೊಂದು ಕಡೆಯ ಕತೆಯನ್ನೂ ಹೇಳದಿದ್ದರೆ ವಿಮಾನಕ್ಕೆ ಮೋಸವಾಗುತ್ತದೆ. ಎರಡು ಸೀಟಿನವೂ ಸೇರಿ 147 ಮಾರುತ್ ತಯಾರಾದವು. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಮರಳಿನ ಮೇಲೆ ನೆಲ ಸವರಿಕೊಂಡು ಹಾರಿ ಪಾಕಿಸ್ತಾನದ ಟ್ಯಾಂಕು, ರೈಲು, ಡಿಪೋಗಳ ಮೇಲೆ ಬಡಿದವು. ಅಷ್ಟು ತಗ್ಗಿನಲ್ಲಿ ಅಲ್ಲಾಡದೆ ಹಾರುತ್ತದೆ ಅಂತ ಪೈಲಟ್‌ಗಳು ಅದನ್ನು ಹೊಗಳಿದರು. ಒಂದು ಇಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಮನೆಗೆ ತಂದವರಿದ್ದರು. ಈ ಕೆಲಸಕ್ಕೆಲ್ಲ ಅದು ಉಪಯೋಗಿಸಿದ್ದು ಶಬ್ದಕ್ಕಿಂತ ಕಡಿಮೆ ವೇಗವನ್ನು. ಮ್ಯಾಕ್ 2 ಇದ್ದಿದ್ದರೂ ಅಲ್ಲಿ ಬೇಕಾಗುತ್ತಿರಲಿಲ್ಲ. ರೆಕ್ಕೆ ತುಂಬ ಬಾಂಬು ನೇತುಹಾಕಿಕೊಂಡ ಯಾವ ವಿಮಾನವೂ ಮರಳಿನ ಮೇಲೆ ಮ್ಯಾಕ್ 2ರಲ್ಲಿ ಹೋಗುವುದಿಲ್ಲ. ನಮ್ಮ ಮನೆಯ ಜಿಮ್ಮಿನಲ್ಲಿ ಈಗ ಹಪ್ಪಳ ಒಣಗುತ್ತವೆ. ಚೆನ್ನಾಗಿಯೇ ಒಣಗುತ್ತವೆ.

ಟ್ಯಾಂಕರ್ ಒಂದಡಿ ಮುಂದೆ ಹೋಯಿತು. ನಾನೂ ಹೋದೆ. ಬಸ್ಸಿನವನು ನಮ್ಮಿಬ್ಬರ ನಡುವೆ ಮೂಗು ತೂರಿಸಿದ.

ಇದೆಲ್ಲ ನಮ್ಮ ಬಡತನದ ಕತೆ, ಕಾಸಿದ್ದವರು ಹೀಗೆ ಮಾಡುವುದಿಲ್ಲ ಅಂತ ನೀವಂದರೆ ಅಮೆರಿಕದ ಟಿಎಫ್‌ಎಕ್ಸ್ ತೋರಿಸುತ್ತೇನೆ. 1961ರಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿ ಬಂದವರು ಫೋರ್ಡ್ ಕಾರ್ ಕಂಪನಿಯಿಂದೆದ್ದು ಬಂದ ರಾಬರ್ಟ್ ಮ್ಯಾಕ್‌ನಮಾರ. ವಾಯುಪಡೆಗೊಂದು, ನೌಕಾಪಡೆಗೊಂದು ಯಾಕೆ, ಇಬ್ಬರಿಗೂ ಸೇರಿ ಒಂದೇ ವಿಮಾನ ಸಾಕು ಅಂದರು. ವಾಯುಪಡೆಗೆ ಬೇಕಾಗಿದ್ದದ್ದು ನೆಲ ಸವರಿಕೊಂಡು ಮ್ಯಾಕ್ 1.2ರಲ್ಲಿ ನುಗ್ಗುವ ಉದ್ದನೆಯ ಸಪೂರ ವಿಮಾನ, ಎತ್ತರದಲ್ಲಿ ಮ್ಯಾಕ್ 2.5. ನೌಕಾಪಡೆಗೆ ಬೇಕಾಗಿದ್ದದ್ದು ಹಡಗಿನ ಲಿಫ್ಟಿನಲ್ಲಿ ಹಿಡಿಸುವ ಗಿಡ್ಡ ವಿಮಾನ, ಆಕಾಶದಲ್ಲಿ ಗಂಟೆಗಟ್ಟಲೆ ಗಸ್ತು ತಿರುಗಬೇಕು, ಇಬ್ಬರು ಪಕ್ಕಪಕ್ಕ ಕೂರಬೇಕು. ಒಬ್ಬರಿಗೆ ಜಡೆಯಂಥದ್ದು, ಇನ್ನೊಬ್ಬರಿಗೆ ತುರುಬಿನಂಥದ್ದು. ಎರಡನ್ನೂ ಒಂದೇ ತಲೆಯಲ್ಲಿ ಹೆಣೆದರು: ಎಫ್-111. ರೆಕ್ಕೆಯನ್ನೇ ಬೇಕಾದಾಗ ಬಿಚ್ಚಿ ಬೇಕಾದಾಗ ಮಡಿಸುವಂತೆ ಮಾಡಿದರು. ಅದು ಬೀಸುವ ರೆಕ್ಕೆಯ ಜಾಣ್ಮೆ, ಜೊತೆಗೆ ಆ ಕೀಲಿನ ತೂಕ. ನೌಕಾಪಡೆಯ ಅವತಾರ ಎಷ್ಟು ಭಾರವಾಯಿತೆಂದರೆ, ಕ್ರೈಸ್ತ ಜಗತ್ತಿನ ಇಂಜಿನ್ನೆಲ್ಲ ಒಟ್ಟು ಹಾಕಿ ನೂಕಿದರೂ ಇದು ಫೈಟರ್ ಆಗದು ಅಂತ ವೈಸ್ ಅಡ್ಮಿರಲ್ ಕಾನಲಿ ಸೆನೆಟ್ಟಿನ ಮುಂದೆಯೇ ಹೇಳಿಬಿಟ್ಟರು. 1968ರಲ್ಲಿ ಅದನ್ನು ಕೈಬಿಟ್ಟರು.

ಕಲಿತರೇ? ಮೂವತ್ತು ವರ್ಷ ಬಿಟ್ಟು ಈ ಸಲ ಮೂವರಿಗೂ ಸೇರಿ ಒಂದು ಅಂದರು. ವಾಯುಪಡೆ, ನೌಕಾಪಡೆ, ಜೊತೆಗೆ ನಿಂತಲ್ಲೇ ಮೇಲೇಳಬೇಕು ಅನ್ನುವ ಮರೀನ್ ಪಡೆ. ಎಫ್-35 ಅಂತ ಹೆಸರು. ನಿಂತಲ್ಲೇ ಇಳಿಯಲು ಪೈಲಟ್ಟಿನ ಬೆನ್ನ ಹಿಂದೆ ದೊಡ್ಡದೊಂದು ಫ್ಯಾನಿಗೆ ಜಾಗ ಬೇಕು. ರೇಡಾರಿಗೆ ಕಾಣಬಾರದು, ಹಾಗಾಗಿ ಬಾಂಬುಗಳೂ ಹೊಟ್ಟೆಯೊಳಗೇ ಇರಬೇಕು. ಫ್ಯಾನು ಬೇಕಿಲ್ಲದ ಅಣ್ಣತಮ್ಮಂದಿರಿಗೂ ಅದೇ ಬೆನ್ನು, ಅದೇ ಅಗಲ. ವಿಟ್‌ಕಂಬನ ಸೌತೆಕಾಯಿ ಇಲ್ಲಿ ಸೋರೆಕಾಯಿಯಾಯಿತು. ಗರಿಷ್ಠ ವೇಗ ಮ್ಯಾಕ್ 1.6. ಅದಕ್ಕೆ ನನ್ನ ತಕರಾರಿಲ್ಲ. ಮ್ಯಾಕ್ 0.8ರಿಂದ 1.2ಕ್ಕೆ ಇಷ್ಟು ಸೆಕೆಂಡಿನಲ್ಲಿ ಏರಬೇಕು ಅಂತ ಒಂದು ಕಟ್ಟುಪಾಡಿತ್ತು. ಶಬ್ದದ ದಿಗಿಲು ಅತಿ ಹೆಚ್ಚಿರುವ ಗಲ್ಲಿ ಅದೇ. ವಿಮಾನ ಆ ಗಡುವಿನೊಳಗೆ ಏರಲಿಲ್ಲ. ಏನು ಮಾಡಿದರು? 2013ರ ಜನವರಿಯಲ್ಲಿ ಪೆಂಟಗನ್ನಿನ ಪರೀಕ್ಷಾ ವಿಭಾಗದ ವರದಿ ಹೇಳಿತು: ಗಡುವನ್ನೇ ಸಡಿಲಿಸಲಾಗಿದೆ. ವಾಯುಪಡೆಯದಕ್ಕೆ 8 ಸೆಕೆಂಡು, ಮರೀನಿನದಕ್ಕೆ 16, ದೊಡ್ಡ ರೆಕ್ಕೆಯ ನೌಕಾಪಡೆಯದಕ್ಕೆ ಕಡಿಮೆಯೆಂದರೂ 43.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಗ್ರೇಸ್ ಮಾರ್ಕ್ಸಿನಿಂದ ಪಾಸಾದ ನನ್ನಂಥವನಿಗೆ ಆ ದಿನ ಆದ ಸಮಾಧಾನ ಹೇಳತೀರದು. 43 ಸೆಕೆಂಡು ಗ್ರೇಸು! ನನಗೆ ಕೊಟ್ಟದ್ದು ಆರು ಮಾರ್ಕು, ಅದಕ್ಕೇ ಅಪ್ಪ ಇಡೀ ಬೇಸಿಗೆ ಮಾತು ಬಿಟ್ಟಿದ್ದರು.

ಪಟ್ಟಿಗೆ ವೇಗ ಸೇರುವ ಇನ್ನೊಂದು ದಾರಿ ಪಕ್ಕದ ಮನೆ. ಅಮೆರಿಕದವರು ಐವತ್ತರ ದಶಕದಲ್ಲಿ ಎಕ್ಸ್‌ಬಿ-70 ಅಂತ ಮ್ಯಾಕ್ 3ರಲ್ಲಿ ಹಾರುವ ಬಾಂಬರ್ ಕಟ್ಟಲು ಹೊರಟರು. ರಷ್ಯಾದವರು ಬೆಚ್ಚಿ ಅದನ್ನು ಹಿಡಿಯಲು ಮಿಗ್-25 ಶುರುಮಾಡಿದರು. ಅಮೆರಿಕದವರು 1961ರಲ್ಲೇ ಆ ಬಾಂಬರಿನ ಆಸೆ ಬಿಟ್ಟರು, ಎರಡೇ ಎರಡು ಮಾಡಿ ಪ್ರಯೋಗಕ್ಕಿಟ್ಟುಕೊಂಡರು. ರಷ್ಯಾದವರು ಮಿಗ್ ಬಿಡಲಿಲ್ಲ. 1967ರಲ್ಲಿ ಅದು ಮಾಸ್ಕೋ ಪ್ರದರ್ಶನದಲ್ಲಿ ಗುಡುಗಿಕೊಂಡು ಹೋದಾಗ ಈಗ ಬೆಚ್ಚುವ ಸರದಿ ಅಮೆರಿಕದವರದು: ಅಯ್ಯೋ ಎಂಥ ರೆಕ್ಕೆ, ಎಂಥ ಇಂಜಿನ್, ಇದು ಬುಗುರಿಯ ಹಾಗೆ ತಿರುಗುತ್ತದೆ ಅಂತ ಅಂದಾಜಿಸಿ ತಮ್ಮ ಎಫ್-15ಕ್ಕೆ ಮ್ಯಾಕ್ 2.5 ಕೇಳಿದರು. 1976ರ ಸೆಪ್ಟೆಂಬರ್ 6ರಂದು ಬೆಲೆಂಕೊ ಎಂಬ ಸೋವಿಯತ್ ಪೈಲಟ್ ಒಂದು ಮಿಗ್-25 ಸಮೇತ ಜಪಾನಿನ ಹಕೊಡಾಟೆಗೆ ಓಡಿಬಂದ. ಬಿಚ್ಚಿ ನೋಡಿದರೆ ಹೆಚ್ಚಾಗಿ ನಿಕ್ಕಲ್ ಬೆರೆಸಿದ ಉಕ್ಕು, ರೇಡಾರಿನಲ್ಲಿ ಹಳೇ ರೇಡಿಯೊದಂಥ ವಾಲ್ವುಗಳು. ದೊಡ್ಡ ರೆಕ್ಕೆ ಇದ್ದದ್ದು ತಿರುಗಲಿಕ್ಕಲ್ಲ, ಆ ಉಕ್ಕಿನ ತೂಕ ಹೊರಲು. ನೆಟ್ಟಗೆ ಓಡುವುದೊಂದೇ ಅದಕ್ಕೆ ಗೊತ್ತು, ಅದೂ ಮ್ಯಾಕ್ 2.83ರ ಮೇಲೆ ಹೋಗಬೇಡ, ಇಂಜಿನ್ ಕೆಡುತ್ತದೆ ಅಂತ ಅಂಕೆ. ನಮ್ಮಲ್ಲೂ ಎಂಬತ್ತರ ದಶಕದಿಂದ 2006ರವರೆಗೆ ಬರೇಲಿಯಲ್ಲಿ ಕೆಲವಿದ್ದವು. ಫೋಟೊ ತೆಗೆಯುವ ಕೆಲಸಕ್ಕಿಟ್ಟಿದ್ದೆವು. ಒಪ್ಪಬೇಕಾದ್ದನ್ನು ಒಪ್ಪೋಣ, ಒಂದೇ ಕೆಲಸ ಹೇಳಿ ಅದೊಂದಕ್ಕೇ ಕಟ್ಟಿದ್ದರಿಂದ ಆ ವೇಗ ಅದಕ್ಕೆ ನಿಜವಾಗಿಯೂ ಇತ್ತು.

ಪಟ್ಟಿಗಳಲ್ಲಿನ ಆ ಮ್ಯಾಕ್ 2 ಮಾತ್ರ ಎಲ್ಲರೂ ಬಯಸಿದ್ದು, ಯಾರೂ ಬಳಸದ್ದು. ಕಾದಾಟ ಅಂತ ಬಂದಾಗ ತಿರುಗುವಲ್ಲಿ, ಏರುವಲ್ಲಿ ವೇಗ ತಾನಾಗಿ ಕರಗಿ ಶಬ್ದದ ಆಸುಪಾಸಿಗೆ ಇಳಿಯುತ್ತದೆ. ಇಟ್ಟುಕೊಳ್ಳುವ ಖರ್ಚು ಬೇರೆ. ವಿಮಾನ ಎಷ್ಟೇ ಓಡಲಿ, ಇಂಜಿನ್ನಿನ ಬಾಯಿಗೆ ಗಾಳಿ ಶಬ್ದಕ್ಕಿಂತ ನಿಧಾನವಾಗಿಯೇ ಬರಬೇಕು. ನುಗ್ಗುವ ಗಾಳಿಯನ್ನು ಬಾಗಿಲಲ್ಲೇ ತಡೆದು, ಸಮಾಧಾನ ಹೇಳಿ ಒಳಗೆ ಬಿಡಲು ಹಿಂದೆಮುಂದೆ ಸರಿಯುವ ತಗಡುಗಳು, ಮೋಟಾರುಗಳು ಬೇಕು. ಬುದ್ಧಿ ಬಂದವರು ಅವನ್ನು ಕಿತ್ತೇ ಹಾಕಿದರು. ಅಮೆರಿಕದ ಬಿ-1 ಬಾಂಬರಿನ ಮೊದಲ ಅವತಾರ ಮ್ಯಾಕ್ 2.2 ಹೋಗುತ್ತಿತ್ತು, ಆ ತಗಡುಗಳನ್ನು ತೆಗೆದ ಎರಡನೆಯದು ಮ್ಯಾಕ್ 1.25. ಸೇನೆಯಲ್ಲಿ ಉಳಿದದ್ದು ಎರಡನೆಯದು.

ಟ್ಯಾಂಕರ್ ಈಗ ಒಂದು ಉದ್ದನೆಯ ಕಾಂಪೌಂಡಿನ ಪಕ್ಕ ನಿಂತಿದೆ. ಒಳಗಿರುವುದು ಜಿಟಿಆರ್‌ಇ, ಅಂದರೆ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ. ನಮ್ಮ ತೇಜಸ್ ಯುದ್ಧವಿಮಾನಕ್ಕೆ ಇಂಜಿನ್ ಮಾಡಲು 1989ರಲ್ಲಿ ಇವರಿಗೆ ಮಂಜೂರಾತಿ ಸಿಕ್ಕಿತು. ಇಂಜಿನ್ನಿನ ಹೆಸರು ಕಾವೇರಿ.

ನಗಬೇಡಿ. ನಾನು ನಗುತ್ತಿಲ್ಲ.

ತೇಜಸ್‌ನ ಪಟ್ಟಿ ಬಂದದ್ದು 1985ರಲ್ಲಿ. ಚಿಕ್ಕದಿರಬೇಕು, ಹಗುರವಿರಬೇಕು, ಮಿಗ್-21ರ ಜಾಗ ತುಂಬಬೇಕು. ಅದು ಬೇಕು, ಇದೂ ಬೇಕು, ಜೊತೆಗೆ ಹೊಸ ಹೊಸ ಎಲೆಕ್ಟ್ರಾನಿಕ್ಸ್ ಬೇಕು. ಗಿಡ್ಡ ವಿಮಾನದಲ್ಲಿ ಸೌತೆಕಾಯಿಯ ಬಿಲ್ಲೆ ಬೇಗ ಬೇಗ ಹಿಗ್ಗಿ ಕುಗ್ಗುತ್ತದೆ, ಎಳೆತ ಹೆಚ್ಚುತ್ತದೆ; ಮುಂದಿನ ಮಾರ್ಕ್ 2ನ್ನು ಉದ್ದ ಮಾಡಲು ಹೊರಟಿರುವುದಕ್ಕೆ ಇದೂ ಒಂದು ಕಾರಣ. ರೆಕ್ಕೆಯ ತುದಿಯ ಕಡೆ ಆರ್-60 ಎಂಬ ಕ್ಷಿಪಣಿ ತಗಲಿಸುವುದು ಅಂತ ಮೊದಲು ಲೆಕ್ಕ, ತೂಕ 44 ಕಿಲೋ. ನಡುವೆ ಕಾಲ ಬದಲಾಯಿತು, ಆರ್-73 ಬೇಕು ಅಂದರು, ಅದು 105 ಕಿಲೋ. ತುದಿಯಲ್ಲಿ ಭಾರ ಹೆಚ್ಚಾದರೆ ಇಡೀ ರೆಕ್ಕೆಯನ್ನೇ ಗಟ್ಟಿ ಮಾಡಬೇಕು. ಅರುವತ್ತು ಕಿಲೋ ಅಂತ ಬಾಯಲ್ಲಿ ಹೇಳುವುದು ಸುಲಭ. ಸಜ್ಜೆಯ ತುದಿಗೆ ಅಮ್ಮ ಇನ್ನೊಂದು ರುಬ್ಬುವ ಕಲ್ಲು ಇಡಿಸಿದಾಗ ಕೆಳಗಿನ ಬೀಮಿಗೆ ಎಷ್ಟು ಕಬ್ಬಿಣ ಹೋಯಿತು ಅಂತ ನನ್ನ ಹತ್ತಿರ ಬಿಲ್ಲಿದೆ.

ಕಾವೇರಿ ಬರಲಿಲ್ಲ. ತೂಕ ಹೆಚ್ಚಾಯಿತು, ನೂಕುಬಲ ಕಡಿಮೆಯಾಯಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆಯಾಗಿಸಿದರು. ಇದಕ್ಕೆ ಈ ಕಾಂಪೌಂಡಿನ ಒಳಗಿನವರನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ತನ್ನದೇ ಕರಗುವ ಬಿಂದುವಿಗಿಂತ ಬಿಸಿಯಾದ ಗಾಳಿಯಲ್ಲಿ ಸುತ್ತುವ ಒಂದು ಅಲಗನ್ನು, ಒಂದೇ ಹರಳಾಗಿ, ಒಳಗೆ ಕೂದಲೆಳೆಯಂಥ ತೂತು ಕೊರೆದು ಮಾಡಬಲ್ಲ ದೇಶಗಳನ್ನು ಕೈಬೆರಳಲ್ಲಿ ಎಣಿಸಬಹುದು. ಮಾಡಿದವರು ದಶಕಗಟ್ಟಲೆ ದುಡ್ಡು ಸುರಿದು, ಸಾವಿರಾರು ಗಂಟೆ ಉರಿಸಿ ಒಡೆದು ಕಲಿತದ್ದು. ವಿಮಾನದ ಪಟ್ಟಿಯ ಜೊತೆಗೇ ಇಂಜಿನ್ ಬರಲಿ ಅನ್ನುವುದು ಗೃಹಪ್ರವೇಶದ ದಿನ ಬೆಳಿಗ್ಗೆ ಬಾವಿ ತೋಡಲು ಕೂತ ಹಾಗೆ.

ಹಾಗಾಗಿ 2001ರ ಜನವರಿ 4ರಂದು ತೇಜಸ್ ಹಾರಿದ್ದು ಅಮೆರಿಕದ ಜಿಇ ಕಂಪನಿಯ ಎಫ್404 ಇಂಜಿನ್ನಿನಲ್ಲಿ. 2003ರ ಆಗಸ್ಟ್‌ನಲ್ಲಿ ಅದು ಶಬ್ದವನ್ನು ದಾಟಿತು, ಮಾರುತ್ ಹೊಸ್ತಿಲಲ್ಲಿ ನಿಂತ ಊರಿನಲ್ಲೇ. ಆ ಸುದ್ದಿ ಓದಿದ ದಿನ ನಾನೂ ಸುಮ್ಮನೆ ಖುಷಿಪಟ್ಟೆ. ಈಗ ಮ್ಯಾಕ್ 1.6ರವರೆಗೆ ಹೋಗುತ್ತದೆ. 2015ರಲ್ಲಿ ಸಿಎಜಿ ವರದಿ ಬಂತು: ಪಟ್ಟಿಗೆ ಹೋಲಿಸಿದರೆ 53 ಕಡೆ ಕೊರತೆ. ತೂಕ ಜಾಸ್ತಿ, ಇಂಧನ ಕಮ್ಮಿ, ವೇಗ ಕಮ್ಮಿ. ಇಪ್ಪತ್ತಕ್ಕೆ ಶಾಶ್ವತ ರಿಯಾಯಿತಿ, ಮೂವತ್ಮೂರಕ್ಕೆ ತಾತ್ಕಾಲಿಕ. ವಿಮಾನ ಪಟ್ಟಿಗೆ ಸರಿಯಿಲ್ಲ ಅಂತ 53 ಸಲ ಬರೆದರು. ಪಟ್ಟಿ ವಿಮಾನಕ್ಕೆ ಸರಿಯಿತ್ತೇ ಅಂತ ಲೆಕ್ಕ ತಪಾಸಣೆ ಮಾಡುವ ಇಲಾಖೆ ಇನ್ನೂ ಹುಟ್ಟಿಲ್ಲ.

2021ರ ಫೆಬ್ರುವರಿಯಲ್ಲಿ 83 ತೇಜಸ್ ವಿಮಾನಗಳಿಗೆ ಆರ್ಡರ್ ಬಿತ್ತು, ಹೆಚ್ಚಿನವು ಮಾರ್ಕ್ 1ಎ. ಮೊದಲನೆಯದು 2024ರ ಮಾರ್ಚ್‌ಗೆ ಕೊಡಬೇಕಿತ್ತು. ಜಿಇಯಿಂದ ಇಂಜಿನ್ ಬರುವುದು ತಡವಾಯಿತು. ಆ 99 ಇಂಜಿನ್ನುಗಳಲ್ಲಿ ಮೊದಲನೆಯದು ಕೈಗೆ ಬಂದದ್ದೇ 2025ರ ಮಾರ್ಚ್‌ನಲ್ಲಿ. ಅಷ್ಟು ದಿನ ಮೈ ಸಿದ್ಧವಾದ ವಿಮಾನಗಳು ಇಲ್ಲೇ ಆಚೆ ಶೆಡ್ಡಿನಲ್ಲಿ ಇಂಜಿನ್ನಿಗೆ ಕಾದವು. ಅದೇ ವರ್ಷ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ಗಳನ್ನು ಬೀಳ್ಕೊಟ್ಟರು. ಅರವತ್ತರ ದಶಕದ ವಿಮಾನ, ಮ್ಯಾಕ್ 2 ಸಲೀಸಾಗಿ ಮುಟ್ಟುವಂಥದ್ದು. ಹುಟ್ಟುವಾಗ ಆ ವೇಗವನ್ನು ಬಿಟ್ಟು ಮತ್ತೇನನ್ನೂ ಅದಕ್ಕೆ ಹೆಚ್ಚಾಗಿ ಕೇಳಿರಲಿಲ್ಲ.

ಈಗ ಹೊಸ ಪಟ್ಟಿ ಸಿದ್ಧವಾಗಿದೆ. ಎಎಂಸಿಎ ಎಂಬ ಮುಂದಿನ ಯುದ್ಧವಿಮಾನದ್ದು. 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಅಭಿವೃದ್ಧಿಗೆ 15,000 ಕೋಟಿ. ರೇಡಾರಿಗೆ ಕಾಣಬಾರದು. ಆಯುಧಗಳೆಲ್ಲ ಹೊಟ್ಟೆಯೊಳಗೆ. ಆಫ್ಟರ್‌ಬರ್ನರ್ ಹಚ್ಚದೆಯೇ ಶಬ್ದಕ್ಕಿಂತ ವೇಗವಾಗಿ ಹೋಗುತ್ತಲೇ ಇರಬೇಕು, ಅದಕ್ಕೆ ಸೂಪರ್‌ಕ್ರೂಸ್ ಅನ್ನುತ್ತಾರೆ. ಮೊದಮೊದಲಿನವಕ್ಕೆ ಅಮೆರಿಕದ ಎಫ್414. ಪಟ್ಟಿಯಲ್ಲಿರುವ ಪೂರ್ತಿ ಕಸುವಿನ ಇಂಜಿನ್ ಆಮೇಲೆ ಬರುತ್ತದಂತೆ, ಬೇರೆ ದೇಶದವರ ಜೊತೆ ಸೇರಿ ಮಾಡುವುದಂತೆ. ‘ಬರುತ್ತದಂತೆ’ ಅನ್ನುವ ಶಬ್ದ ಕೇಳಿದರೆ ನನಗೆ ನನ್ನ ಹದಿನಾಲ್ಕು ನಲ್ಲಿಗಳು ಕಣ್ಣಮುಂದೆ ಬರುತ್ತವೆ. ಗೃಹಪ್ರವೇಶವಾಗಿ ಆರು ವರ್ಷವಾಯಿತು. ಹದಿನಾಲ್ಕೂ ಕ್ರೋಮಿಯಂ ಲೇಪದವು, ಇವತ್ತಿಗೂ ತಳತಳ ಹೊಳೆಯುತ್ತವೆ. ಒಂದೊಂದನ್ನು ತಿರುಗಿಸಿದರೆ ಗಾಳಿ ಬರುತ್ತದೆ, ಸಾಕಷ್ಟು ವೇಗವಾಗಿಯೇ.

ಫೋನ್ ಬಡಿದುಕೊಂಡಿತು.

“ಸಾರ್, ನಿಮ್ಮನೆ ಲೋಡು. ಬೆಳಿಗ್ಗೆ ಹೇಳಿದ್ರಲ್ಲ. ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದೀನಿ ಸಾರ್, ಸುರಂಜನ್‌ದಾಸ್ ರೋಡಲ್ಲಿ.”

ಮುಂದೆ ನೋಡಿದೆ. ಟ್ಯಾಂಕರಿನ ಕಿಟಕಿಯಿಂದ ಒಂದು ಮೊಣಕೈ ಹೊರಗೆ ಬಂದಿತ್ತು, ಕಿವಿಗೆ ಫೋನ್ ಒತ್ತಿಕೊಂಡಿತ್ತು.

“ಗೊತ್ತು ಕಣಪ್ಪ,” ಅಂದೆ, “ನಿನ್ನ ಹಿಂದೇನೇ ಇದೀನಿ. ಆ ವಾಲ್ವ್ ಸ್ವಲ್ಪ ಬಿಗಿ ಮಾಡು, ನಮ್ಮನೆ ನೀರೆಲ್ಲ ಇಲ್ಲೇ ಹೋಗ್ತಾ ಇದೆ.”